ಮನೆಯ ಗಣಕ ಯಾರ ಮಾತು ಕೇಳಬೇಕು?

(ಸಂಘದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಾಹಿತ್ಯ, ಗಡಿ, ನದಿನೀರು, ಹೊರನಾಡಿನ ಕನ್ನಡ ಶಾಲೆ ಇವುಗಳ ಸುತ್ತ ಚರ್ಚೆ ನಡೆಸುತ್ತ ಬಂದ ಈ ಗೋಷ್ಠಿಗೆ ಗಣಕದ ಮಾತು ಹೊಸದು. ಇದು ಯಂತ್ರದ ವಿಷಯ, ಬಲ್ಲವರಿಗೆ ಬಿಟ್ಟರಾಯಿತು ಎಂದು ಕೆಲವು ಹಿರಿಯರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ನಮ್ಮ ಮನೆಯ ಗಣಕ ಎಷ್ಟು ವರ್ಷ ಬಾಳಬೇಕು, ಅದರಲ್ಲಿ ನಾವು ಕೂಡಿಟ್ಟ ಕನ್ನಡ ಬರೆಹಗಳು ಇನ್ನು ಇಪ್ಪತ್ತು ವರ್ಷಗಳ ಮೇಲೆ ತೆರೆದುಕೊಂಡಾವೆ ಇಲ್ಲವೆ ಎಂಬುದನ್ನು ತೀರ್ಮಾನಿಸುವ ಅಧಿಕಾರ ಯಾರಲ್ಲಿದೆ ಎಂದು ಕೇಳಿಕೊಂಡರೆ, ಮಾತು ಯಂತ್ರದಿಂದ ಒಡೆತನಕ್ಕೆ ಹೊರಳುತ್ತದೆ. ಒಡೆತನದ ಪ್ರಶ್ನೆ ಈ ವೇದಿಕೆಗೆ ಹೊಸದಲ್ಲ.

ಸಂದರ್ಭ ತಮಗೆ ಗೊತ್ತಿರುವುದೇ. ೨೦೧೫ರ ಜುಲೈಯಲ್ಲಿ ಹೊರಬಂದ ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ಹೆಸರು ನೋಂದಾಯಿಸಿಕೊಂಡ ಗೃಹಬಳಕೆದಾರರಿಗೆ ಸುರಕ್ಷತೆಯ ತಿದ್ದುಪಡಿಗಳನ್ನು ಇನ್ನೊಂದು ವರ್ಷ ಮುಂದುವರಿಸುವ ಏರ್ಪಾಡನ್ನು ಸಂಸ್ಥೆ ಘೋಷಿಸಿತಾದರೂ ಅದು ವಾಯಿದೆಯ ವಿಸ್ತರಣೆ ಮಾತ್ರ. ೨೦೨೧ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ೧೧ಕ್ಕೆ ಟಿಪಿಎಂ ೨.೦ ಎಂಬ ಸುರಕ್ಷತಾ ಘಟಕ ಬೇಕು. ಪ್ರೊಸೆಸರು ಸಂಸ್ಥೆಯೇ ಪ್ರಕಟಿಸಿದ ಪಟ್ಟಿಯಲ್ಲಿ ಇರಬೇಕು. ಇಂಟೆಲ್ ಪ್ರೊಸೆಸರುಗಳ ಮಟ್ಟಿಗೆ ಆ ಪಟ್ಟಿ ಹೆಚ್ಚುಕಡಿಮೆ ಎಂಟನೆಯ ಪೀಳಿಗೆಯಿಂದ, ಎಂದರೆ ೨೦೧೭ರ ಉತ್ತರಾರ್ಧದಿಂದ, ಆರಂಭವಾಗುತ್ತದೆ. ೨೦೧೫ರಲ್ಲೋ ೨೦೧೬ರಲ್ಲೋ ಮಗನ ಕಾಲೇಜಿಗೆಂದು ಕೊಂಡ ಗಣಕ ಇಂದಿಗೂ ಪತ್ರ ಬರೆಯುತ್ತದೆ, ಲೆಕ್ಕ ಇಡುತ್ತದೆ, ಭೀಮಸೇನ ಜೋಶಿಯವರನ್ನು ಹಾಡಿಸುತ್ತದೆ. ಅದರ ಯಾವ ಅಂಗವೂ ಊನವಾಗಿಲ್ಲ. ಬ್ಯಾಂಕಿನಿಂದಲೂ ರೈಲ್ವೆಯಿಂದಲೂ ನಿವೃತ್ತರಾದವರು ಇಲ್ಲಿ ಅನೇಕರಿದ್ದೀರಿ. ಕಡ್ಡಾಯ ನಿವೃತ್ತಿ ಎಂದರೇನೆಂದು ನಿಮಗೆ ವಿವರಿಸಬೇಕಾಗಿಲ್ಲ. ಈ ಗಣಕಗಳಿಗೆ ಸಿಕ್ಕಿರುವುದು ಅದೇ ಆಜ್ಞೆ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ, ಚೆನ್ನೈಯ ರಿಚ್ಚಿ ಬೀದಿಯಲ್ಲಿ, ದೆಹಲಿಯ ನೆಹರೂ ಪ್ಲೇಸಿನಲ್ಲಿ ಹಳೆಯ ಯಂತ್ರಗಳನ್ನು ಕೊಳ್ಳುವವರು, ಬಿಚ್ಚುವವರು ಯಾವಾಗಲೂ ಇದ್ದಾರೆ. ಅಲ್ಲಿಗೆ ಒಯ್ಯುವ ಮುನ್ನ ಸ್ವಲ್ಪ ತಡೆಯಿರಿ ಎಂದು ಕೇಳಿಕೊಳ್ಳಲು ನಾನು ನಿಂತಿದ್ದೇನೆ.

ಗಣಕದ ಒಳಗೆ ಎಲ್ಲ ಕೆಲಸಗಳನ್ನೂ ನಿರ್ವಹಿಸುವ, ನಾವು ಆಪರೇಟಿಂಗ್ ಸಿಸ್ಟಂ ಎನ್ನುವ ಕಾರ್ಯಾಚರಣ ವ್ಯವಸ್ಥೆಯನ್ನು ನಾವು ಕೊಳ್ಳುತ್ತೇವೆ ಎಂದು ತಿಳಿದಿದ್ದೇವೆ. ವಸ್ತುತಃ ಕೊಳ್ಳುವುದಿಲ್ಲ, ಬಳಸುವ ಪರವಾನಗಿ ಪಡೆಯುತ್ತೇವೆ. ಮಹಾರಾಷ್ಟ್ರದಲ್ಲಿ ಮನೆ ಹಿಡಿದವರಿಗೆ ಹನ್ನೊಂದು ತಿಂಗಳ ‘ಲೀವ್ ಅಂಡ್ ಲೈಸೆನ್ಸ್’ ಕರಾರು ಪರಿಚಿತ. ಅದರಲ್ಲಿ ನೀವು ಬಾಡಿಗೆದಾರರೂ ಅಲ್ಲ, ಪರವಾನಗಿ ಹೊಂದಿದವರು ಅಷ್ಟೆ. ಗೋಡೆಗೆ ಮೊಳೆ ಹೊಡೆಯಬೇಕಾದರೂ ಮಾಲೀಕರ ಮುಖ ನೋಡಬೇಕು. ಮುಕ್ತ ಆಕರದ ತಂತ್ರಾಂಶ ಇದಕ್ಕೆ ಬದಲಾಗಿ ಸಹಕಾರಿ ಗೃಹಸಂಘದ ಮನೆಯಂತೆ. ನಕ್ಷೆ ಎಲ್ಲರಿಗೂ ತೆರೆದಿದೆ, ತಿದ್ದುವ ಹಕ್ಕಿದೆ, ಇನ್ನೊಬ್ಬರಿಗೆ ಪ್ರತಿ ಕೊಡುವ ಹಕ್ಕಿದೆ. ಜತೆಗೆ ಗೃಹಸಂಘದ ಸಭೆಗಳ ಗದ್ದಲವೂ ಇದೆ. ೧೯೮೩ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ‘ಗ್ನೂ’ ಯೋಜನೆಯನ್ನು ಘೋಷಿಸಿದ್ದು, ೧೯೯೧ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ‘ಲಿನಕ್ಸ್’ ಎಂಬ ತಿರುಳನ್ನು ಬರೆದದ್ದು, ಇವೆರಡೂ ಕೂಡಿ ಒಂದು ಸಂಪೂರ್ಣ ವ್ಯವಸ್ಥೆಯಾದದ್ದು ಈಗ ಇತಿಹಾಸ. ಅದನ್ನು ವಿಸ್ತರಿಸುವುದಿಲ್ಲ.

ತೊಡಕು ಇರುವುದು ಆಯ್ಕೆಯಲ್ಲಿ. ಈ ತಿರುಳಿನ ಮೇಲೆ ಕಟ್ಟಿದ ವಿತರಣೆಗಳು ನೂರಾರು. ಆಸಕ್ತಿಯಿಂದ ಹುಡುಕಲು ಹೊರಟ ಗೃಹಸ್ಥ ಒಂದು ವಾರದಲ್ಲಿ ಸೋತು ಕೈಬಿಡುತ್ತಾನೆ. ಒಬ್ಬರು ಅತ್ಯಂತ ಹೊಸದನ್ನು ಹೊಗಳುತ್ತಾರೆ, ಇನ್ನೊಬ್ಬರು ಅತ್ಯಂತ ಚೆಲುವಾದದ್ದನ್ನು. ನಾನು ಎರಡೇ ಗುಣಗಳನ್ನು ಕೇಳುತ್ತೇನೆ: ಸ್ಥಿರವಾಗಿರಬೇಕು, ಹಗುರಾಗಿರಬೇಕು. ಆದರೆ ಸ್ಥಿರ ಎಂಬ ಮಾತನ್ನು ನಾವು ಸಡಿಲವಾಗಿ ಬಳಸುತ್ತೇವೆ. ನಡುವೆ ಕುಸಿದು ಬೀಳದಿರುವುದನ್ನು ಸ್ಥಿರತೆ ಎನ್ನುತ್ತೇವೆ. ಇಂದು ಹೆಚ್ಚಿನ ವ್ಯವಸ್ಥೆಗಳು ಅಷ್ಟು ಸುಲಭವಾಗಿ ಕುಸಿಯುವುದಿಲ್ಲ. ಮನೆಗೆ ಬೇಕಾದ ಸ್ಥಿರತೆ ಬೇರೆ. ನಿನ್ನೆ ಇದ್ದಲ್ಲಿಯೇ ಇಂದೂ ಗುಂಡಿ ಇರಬೇಕು; ರಾತ್ರೋರಾತ್ರಿ ರೂಪ ಬದಲಾಗಬಾರದು; ಎಪ್ಪತ್ತರ ಹರೆಯದ ಅಜ್ಜಿ ಕಲಿತ ದಾರಿ ಐದು ವರ್ಷ ಅವಳಿಗೆ ದಾರಿಯಾಗಿಯೇ ಉಳಿಯಬೇಕು. ಇದರ ಹಿಂದೆ ಇನ್ನೊಂದು ಸ್ಥಿರತೆಯಿದೆ. ಆ ವ್ಯವಸ್ಥೆಯನ್ನು ನಡೆಸುವವರು ಮಾತಿಗೆ ನಿಲ್ಲಬೇಕು.

ಈ ಎರಡನೆಯದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಸೆಂಟೋಸ್ ಒಂದು ಪಾಠ. ರೆಡ್ ಹ್ಯಾಟ್ ಎಂಬ ಅಮೆರಿಕನ್ ಸಂಸ್ಥೆ ಹಣ ಪಡೆದು ಕೊಡುತ್ತಿದ್ದ ವ್ಯವಸ್ಥೆಯ ತೆರೆದ ಆಕರದಿಂದಲೇ ಸ್ವಯಂಸೇವಕರು ೨೦೦೪ರಲ್ಲಿ ಕಟ್ಟಿದ ವಿತರಣೆ ಅದು. ಸ್ಥಿರತೆಗೆ ಮತ್ತೊಂದು ಹೆಸರೆಂಬಂತೆ ಜಗತ್ತಿನಾದ್ಯಂತ ವಿಶ್ವವಿದ್ಯಾಲಯಗಳೂ ಪ್ರಯೋಗಾಲಯಗಳೂ ಅದನ್ನು ನೆಚ್ಚಿದವು. ೨೦೧೪ರಲ್ಲಿ ರೆಡ್ ಹ್ಯಾಟ್ ಅದನ್ನು ತನ್ನ ಆಶ್ರಯಕ್ಕೆ ತೆಗೆದುಕೊಂಡಿತು. ೨೦೧೯ರಲ್ಲಿ ರೆಡ್ ಹ್ಯಾಟನ್ನು ಐಬಿಎಂ ಕೊಂಡಿತು. ೨೦೨೦ರ ಡಿಸೆಂಬರ್ ೮ರಂದು ಒಂದು ಪ್ರಕಟಣೆ ಹೊರಬಿತ್ತು: ೨೦೨೯ರವರೆಗೆ ಬಾಳುವುದೆಂದು ಎಲ್ಲರೂ ನಂಬಿದ್ದ ಸೆಂಟೋಸ್ ೮, ೨೦೨೧ರ ಕೊನೆಗೇ ಮುಗಿಯುತ್ತದೆ. ಆಕರ ತೆರೆದಿತ್ತು, ಪರವಾನಗಿ ಉದಾರವಾಗಿತ್ತು, ಯಂತ್ರಗಳು ನೆಟ್ಟಗಿದ್ದವು. ಭರವಸೆಯ ಬೀಗದ ಕೈ ಮಾತ್ರ ಇನ್ನೊಬ್ಬರ ಸೊಂಟದಲ್ಲಿತ್ತು. ಆಕರ ತೆರೆದಿದ್ದುದರಿಂದಲೇ ೨೦೨೧ರಲ್ಲಿ ಆಲ್ಮಾ ಲಿನಕ್ಸ್, ರಾಕಿ ಲಿನಕ್ಸ್ ಎಂಬ ಎರಡು ಹೊಸ ವಿತರಣೆಗಳು ಆ ಜಾಗವನ್ನು ತುಂಬಲು ಹುಟ್ಟಿಕೊಂಡವು ಎಂಬುದನ್ನೂ ಹೇಳಬೇಕು. ಮುಚ್ಚಿದ ಆಕರದಲ್ಲಿ ಅಂಥ ಪುನರ್ಜನ್ಮಕ್ಕೆ ಅವಕಾಶವಿಲ್ಲ. ಆದರೂ ಮನೆಯ ಗಣಕವನ್ನು ವರ್ಷಕ್ಕೊಮ್ಮೆ ಹೊಸ ಸೂರಿಗೆ ಸಾಗಿಸುವ ಚೈತನ್ಯ ನಮ್ಮಲ್ಲಿ ಎಷ್ಟು ಜನಕ್ಕಿದೆ?

ಆದ್ದರಿಂದ ನನ್ನ ಶಿಫಾರಸು ಡೆಬಿಯನ್. ೧೯೯೩ರ ಆಗಸ್ಟ್ ೧೬ರಂದು ಇಯನ್ ಮರ್ಡಾಕ್ ಎಂಬ ವಿದ್ಯಾರ್ಥಿ ಇದನ್ನು ಪ್ರಕಟಿಸಿದ. ತನ್ನ ಗೆಳತಿ ಡೆಬ್ರಾಳ ಹೆಸರನ್ನೂ ತನ್ನ ಹೆಸರನ್ನೂ ಕೂಡಿಸಿ ಈ ಹೆಸರಿಟ್ಟ. ಮರ್ಡಾಕ್ ೨೦೧೫ರಲ್ಲಿ ತೀರಿಹೋದ, ಡೆಬಿಯನ್ ನಡೆಯುತ್ತಿದೆ. ಇದಕ್ಕೆ ಮಾಲೀಕ ಸಂಸ್ಥೆ ಇಲ್ಲ. ಸುಮಾರು ಸಾವಿರ ಮಂದಿ ಅಧಿಕೃತ ಅಭಿವರ್ಧಕರು ಲೋಕದ ಬೇರೆ ಬೇರೆ ಕಡೆ ಕುಳಿತು ಇದನ್ನು ನಡೆಸುತ್ತಾರೆ. ೧೯೯೭ರಲ್ಲಿ ಅಂಗೀಕರಿಸಿದ ಒಂದು ಸಾಮಾಜಿಕ ಒಪ್ಪಂದವಿದೆ, ೧೯೯೮ರಿಂದ ಒಂದು ಲಿಖಿತ ಸಂವಿಧಾನವಿದೆ. ವರ್ಷಕ್ಕೊಮ್ಮೆ ನಾಯಕನ ಚುನಾವಣೆ ನಡೆಯುತ್ತದೆ. ಮತಪತ್ರದಲ್ಲಿ ‘ಮೇಲಿನ ಯಾರೂ ಬೇಡ’ ಎಂಬ ಆಯ್ಕೆಯೂ ತಪ್ಪದೆ ಇರುತ್ತದೆ. ಹೊರನಾಡ ಸಂಘಗಳ ಚುನಾವಣೆಗಳಿಗೂ ಈ ಕೊನೆಯ ಅಂಶವನ್ನು ಅಳವಡಿಸಬಾರದೇಕೆ ಎಂದು ನನಗೆ ಒಮ್ಮೊಮ್ಮೆ ಅನ್ನಿಸಿದೆ, ಅಧ್ಯಕ್ಷರು ಕ್ಷಮಿಸಬೇಕು.

ಈ ಸಂವಿಧಾನ ಕಾಗದದ ಹೂವಲ್ಲ. ಒಂದು ಉದಾಹರಣೆ. ಗಣಕದ ವೈಫೈ, ಧ್ವನಿ ಮೊದಲಾದ ಬಿಡಿಭಾಗಗಳಿಗೆ ಅವುಗಳ ತಯಾರಕರು ಕೊಡುವ, ಆಕರ ಮುಚ್ಚಿದ ಸಣ್ಣ ತಂತ್ರಾಂಶಗಳು ಬೇಕು. ಶುದ್ಧ ಮುಕ್ತ ತಂತ್ರಾಂಶವೇ ಇರಬೇಕೆಂಬ ವ್ರತದಿಂದ ಡೆಬಿಯನ್ ಇವನ್ನು ತನ್ನ ಅಧಿಕೃತ ಸ್ಥಾಪನಾ ಪ್ರತಿಯಿಂದ ಹೊರಗಿಟ್ಟಿತ್ತು. ಪರಿಣಾಮವಾಗಿ ಹೊಸಬರು ಸ್ಥಾಪನೆಯ ಮೊದಲ ಹೆಜ್ಜೆಯಲ್ಲಿಯೇ ವೈಫೈ ಇಲ್ಲದೆ ಕೈಚೆಲ್ಲುತ್ತಿದ್ದರು. ೨೦೨೨ರಲ್ಲಿ ಇದರ ಬಗ್ಗೆ ದೀರ್ಘ ವಾದ ನಡೆದು ಮತಕ್ಕೆ ಹಾಕಲಾಯಿತು. ಅವನ್ನು ಸೇರಿಸಬೇಕೆಂಬ ಪಕ್ಷ ಗೆದ್ದು, ಸಾಮಾಜಿಕ ಒಪ್ಪಂದದ ಮಾತನ್ನೇ ತಿದ್ದಿ, ೨೦೨೩ರ ಜೂನಿನಲ್ಲಿ ಬಂದ ೧೨ನೆಯ ಆವೃತ್ತಿಯಿಂದ ಅವು ಒಳಬಂದವು. ಮಡಿವಂತರು ಸೋತರು, ಆದರೆ ಬಾಗಿಲು ಹಾಕಿಕೊಂಡು ಯಾರೋ ನಾಲ್ವರು ತೀರ್ಮಾನಿಸಿದ್ದಲ್ಲ. ವಾದ ಪ್ರತಿವಾದಗಳೆಲ್ಲ ಇಂದಿಗೂ ಓದಲು ಸಿಗುತ್ತವೆ. ಹಳೆಯ ಲ್ಯಾಪ್‌ಟಾಪಿಗೆ ಡೆಬಿಯನ್ ಹಾಕುವುದು ಹಿಂದೆ ಕಷ್ಟವಾಗಿದ್ದು ಈಗ ಸುಲಭವಾಗಿರುವುದಕ್ಕೆ ಈ ಮತದಾನ ಒಂದು ಮುಖ್ಯ ಕಾರಣ.

ಡೆಬಿಯನ್ನಿನಲ್ಲಿ ಮೂರು ಹಂತಗಳಿವೆ. ಹೊಸ ತಂತ್ರಾಂಶ ಮೊದಲು ‘ಅಸ್ಥಿರ’ ಎಂಬ ಅಂಗಳಕ್ಕೆ ಬರುತ್ತದೆ, ಅಲ್ಲಿ ಪಳಗಿ ‘ಪರೀಕ್ಷೆ’ಯ ಜಗಲಿಗೆ ಏರುತ್ತದೆ, ಸುಮಾರು ಎರಡು ವರ್ಷಗಳಿಗೊಮ್ಮೆ ಆ ಜಗಲಿಯನ್ನು ಹಾಗೆಯೇ ಹೆಪ್ಪುಗಟ್ಟಿಸಿ, ದೋಷಗಳನ್ನು ಕಳೆದು, ‘ಸ್ಥಿರ’ವೆಂದು ಬಿಡುಗಡೆ ಮಾಡುತ್ತಾರೆ. ಆವೃತ್ತಿಗಳಿಗೆಲ್ಲ ಟಾಯ್ ಸ್ಟೋರಿ ಎಂಬ ಮಕ್ಕಳ ಚಿತ್ರದ ಗೊಂಬೆಗಳ ಹೆಸರು. ಅಸ್ಥಿರ ಹಂತಕ್ಕೆ ಮಾತ್ರ ಗೊಂಬೆಗಳನ್ನು ಮುರಿಯುವ ಪಕ್ಕದ ಮನೆಯ ಹುಡುಗ ಸಿಡ್‌ನ ಹೆಸರು. ಸ್ಥಿರವೆಂದು ಹೊರಬಿದ್ದ ಮೇಲೆ ಅದಕ್ಕೆ ಹೊಸ ಸೊಬಗು ಸೇರುವುದಿಲ್ಲ. ಸುರಕ್ಷತೆಯ ಲೋಪಗಳನ್ನೂ ಗಂಭೀರ ದೋಷಗಳನ್ನೂ ಮಾತ್ರ ತಿದ್ದುತ್ತಾರೆ. ಮೂರು ವರ್ಷ ಪೂರ್ಣ ಬೆಂಬಲ, ಅನಂತರ ಎರಡು ವರ್ಷ ದೀರ್ಘಾವಧಿಯ ಬೆಂಬಲ. ೨೦೨೫ರ ಆಗಸ್ಟ್ ೯ರಂದು ಬಂದ ೧೩ನೆಯ ಆವೃತ್ತಿಗೆ ಈ ಲೆಕ್ಕದಲ್ಲಿ ೨೦೩೦ರವರೆಗೆ ಆಯುಸ್ಸಿದೆ. ಅಷ್ಟರಲ್ಲಿ ಮುಂದಿನ ಆವೃತ್ತಿಗೆ ಏರಲು ಹಣ ಕೊಡಬೇಕಾಗಿಲ್ಲ, ಯಂತ್ರವನ್ನು ಅಳಿಸಿ ಮೊದಲಿನಿಂದ ಕಟ್ಟಬೇಕಾಗಿಯೂ ಇಲ್ಲ.

ಇದರಲ್ಲಿ ಎಲ್ಲವೂ ಹಳೆಯದು ಎಂಬ ಆಕ್ಷೇಪ ಕೇಳಿಬರುತ್ತದೆ. ನಿಜ. ಜಾಲವನ್ನು ನೋಡುವ ಫೈರ್‌ಫಾಕ್ಸನ್ನು ಮಾತ್ರ ಸುರಕ್ಷತೆಗಾಗಿ ಕಾಲಕಾಲಕ್ಕೆ ಹೊಸ ದೀರ್ಘಾವಧಿ ಆವೃತ್ತಿಗೆ ಏರಿಸುತ್ತಾರೆ. ಬರವಣಿಗೆಗೆ, ಲೆಕ್ಕಕ್ಕೆ ಬಳಸುವ ಲಿಬ್ರೆ ಆಫೀಸ್ ಬಿಡುಗಡೆಯ ದಿನ ಇದ್ದ ರೂಪದಲ್ಲಿಯೇ ನಿಲ್ಲುತ್ತದೆ. ನನ್ನ ದೃಷ್ಟಿಯಲ್ಲಿ ಇದು ಮನೆಗೆ ಬೇಕಾದ ಗುಣವೇ. ಇದಕ್ಕೆ ೨೦೨೪ರ ಒಂದು ಘಟನೆ ಸಾಕ್ಷಿ. ಕಡತಗಳನ್ನು ಅಡಕಗೊಳಿಸುವ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶ ಬಹುತೇಕ ಎಲ್ಲ ಲಿನಕ್ಸ್ ವಿತರಣೆಗಳಲ್ಲಿಯೂ ಇದೆ. ಬಹುಕಾಲ ಅದನ್ನು ನೋಡಿಕೊಂಡವನು ಒಬ್ಬನೇ ಒಬ್ಬ ಸ್ವಯಂಸೇವಕ, ಅವನೂ ದಣಿದಿದ್ದ. ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ನೆರವಿಗೆ ಬಂದರು. ಎರಡು ವರ್ಷಕ್ಕೂ ಮೀರಿ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿದರು. ಕೊನೆಗೆ ೨೦೨೪ರ ಫೆಬ್ರವರಿ, ಮಾರ್ಚ್ ತಿಂಗಳುಗಳ ಆವೃತ್ತಿಗಳಲ್ಲಿ ಹೊರಗಿನವರು ಯಂತ್ರದೊಳಕ್ಕೆ ನುಗ್ಗುವಂಥ ಕಳ್ಳಬಾಗಿಲನ್ನು ಹುದುಗಿಸಿಟ್ಟರು. ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರು ತನ್ನ ಡೆಬಿಯನ್ ಅಸ್ಥಿರ ಯಂತ್ರಕ್ಕೆ ದೂರದಿಂದ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ಹೆಚ್ಚಿಗೆ ಹಿಡಿಯುತ್ತಿದೆ ಎಂದು ಅನುಮಾನಪಟ್ಟು, ಕೆದಕಿ, ಮಾರ್ಚ್ ೨೯ರಂದು ಎಲ್ಲವನ್ನೂ ಬಯಲಿಗಿಟ್ಟ. ಆತ ಮೈಕ್ರೋಸಾಫ್ಟಿನ ಉದ್ಯೋಗಿ ಎಂಬುದು ಈ ಕತೆಯ ಸ್ವಾರಸ್ಯ. ವಿಷ ಬೆರೆತ ಆವೃತ್ತಿ ಅಸ್ಥಿರಕ್ಕೂ ಪರೀಕ್ಷೆಯ ಹಂತಕ್ಕೂ ತಲುಪಿತ್ತು. ಸ್ಥಿರ ಆವೃತ್ತಿಯಲ್ಲಿದ್ದದ್ದು ಅದಕ್ಕಿಂತ ಹಳೆಯದು. ಅಲ್ಲಿಗೆ ವಿಷ ಮುಟ್ಟಲಿಲ್ಲ. ಮುಕ್ತ ಆಕರವನ್ನು ಕುರುಡಾಗಿ ಹೊಗಳುವವರು ಈ ಘಟನೆಯ ಮೊದಲ ಭಾಗವನ್ನು ಬಿಡುತ್ತಾರೆ: ಲೋಕವೆಲ್ಲ ನೆಚ್ಚಿದ ತಂತ್ರಾಂಶಕ್ಕೆ ಕಾವಲಿದ್ದವನು ಒಬ್ಬ ಬಡಪಾಯಿ, ಅವನಿಗೆ ಸಂಬಳವಿರಲಿಲ್ಲ. ಪುಕ್ಕಟೆಯಾಗಿ ಪಡೆಯುವ ನಾವೂ ಅದರಲ್ಲಿ ಪಾಲುದಾರರು.

ಬೇರೆ ಹೆಸರುಗಳ ಬಗ್ಗೆ ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಉಬುಂಟು ೨೦೦೪ರಿಂದ ಡೆಬಿಯನ್ನಿನ ಅಡಿಪಾಯದ ಮೇಲೆಯೇ ಕಟ್ಟಿದ್ದು, ಆದರೆ ಅದರ ಹಿಂದೆ ಕೆನಾನಿಕಲ್ ಎಂಬ ಖಾಸಗಿ ಸಂಸ್ಥೆಯಿದೆ. ಸೆಂಟೋಸಿನ ಪಾಠ ಅಲ್ಲಿ ನೆನಪಾಗುತ್ತದೆ. ಉಬುಂಟುವಿನ ಮೇಲೆ ಕಟ್ಟಿದ ಲಿನಕ್ಸ್ ಮಿಂಟ್ ಹೊಸಬರಿಗೆ ಬಹಳ ಹಿತವಾದದ್ದು. ತೀರಾ ಅಂಜುವವರು ಅದನ್ನೇ ಹಾಕಿಕೊಳ್ಳಲಿ, ನನ್ನ ತಕರಾರಿಲ್ಲ. ನೇರವಾಗಿ ಡೆಬಿಯನ್ನಿನ ಮೇಲೆ ನಿಂತ ಮಿಂಟಿನ ಇನ್ನೊಂದು ರೂಪವೂ ಇದೆ. ಫೆಡೋರಾದ ಒಂದೊಂದು ಆವೃತ್ತಿಯ ಆಯುಸ್ಸು ಸುಮಾರು ಹದಿಮೂರು ತಿಂಗಳು, ಲೀವ್ ಅಂಡ್ ಲೈಸೆನ್ಸಿಗಿಂತ ಎರಡೇ ತಿಂಗಳು ಜಾಸ್ತಿ. ದಿನವೂ ಬದಲಾಗುತ್ತಲೇ ಇರುವ ಆರ್ಚ್‌ನಂಥವು ಕಲಿಯುವ ತರುಣರಿಗೆ ಒಳ್ಳೆಯವು, ಮನೆಗಲ್ಲ. ಭಾರತ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ ಚೆನ್ನೈಯಲ್ಲಿ ರೂಪಿಸಿದ ‘ಬಾಸ್’ ಕೂಡ ಡೆಬಿಯನ್ನಿನಿಂದಲೇ ಬಂದದ್ದು. ಹಾಗಿರುವಾಗ ಬೇರಿಗೇ ನೀರೆರೆಯುವುದು ಲೇಸೆಂದು ನನ್ನ ಭಾವನೆ. ನೆರೆಯ ಕೇರಳದ ಸರ್ಕಾರಿ ಶಾಲೆಗಳು ತಮಗೆಂದೇ ಹೊಂದಿಸಿಕೊಂಡ ಮುಕ್ತ ವ್ಯವಸ್ಥೆಯಲ್ಲಿ ವರ್ಷಾನುಗಟ್ಟಲೆ ಗಣಕಶಿಕ್ಷಣ ನಡೆಸಿಕೊಂಡು ಬಂದಿವೆ. ಮಕ್ಕಳಿಗೆ ಇದು ಕಷ್ಟವಾದೀತು ಎನ್ನುವವರಿಗೆ ಆ ತರಗತಿಗಳೇ ಉತ್ತರ.

ಈಗ ಹಗುರದ ಮಾತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಗಣಕಕ್ಕೂ ಸಲ್ಲುತ್ತದೆ. ಡೆಬಿಯನ್ ಒಂದೇ ಆದರೂ ಅದರ ಮೇಲೆ ತೊಡಿಸುವ ಮೇಜಿನ ರೂಪಗಳು, ಎಂದರೆ ಡೆಸ್ಕ್‌ಟಾಪ್‌ಗಳು, ಹಲವು. ನೀವು ಬೇರೇನೂ ಹೇಳದಿದ್ದರೆ ಬರುವುದು ಗ್ನೋಮ್. ಚೆಲುವಾಗಿದೆ, ಆದರೆ ಹತ್ತು ವರ್ಷದ ಗಣಕಕ್ಕೆ ಭಾರ. ಸ್ಥಾಪಿಸುವಾಗ ಒಂದು ಪಟ್ಟಿ ಕಾಣಿಸುತ್ತದೆ. ಅಲ್ಲಿ ಗ್ನೋಮ್‌ನ ಮುಂದಿನ ಗುರುತನ್ನು ತೆಗೆದು ಎಕ್ಸ್‌ಎಫ್‌ಸಿಇ ಎಂಬುದರ ಮುಂದೆ ಗುರುತು ಹಾಕಬೇಕು. ೧೯೯೬ರಲ್ಲಿ ಒಲಿವಿಯೆ ಫೂರ್ದಾನ್ ಆರಂಭಿಸಿದ ಇದು ಅಂದಿನಿಂದಲೂ ಅಬ್ಬರವಿಲ್ಲದೆ ಬೆಳೆದಿದೆ. ಕೆಳಗೊಂದು ಅಥವಾ ಮೇಲೊಂದು ಪಟ್ಟಿ, ಒಂದು ಪಟ್ಟಿಕೆ, ಕಿಟಕಿಗಳು. ವಿಂಡೋಸಿಗೆ ಒಗ್ಗಿದ ಕೈಗೆ ಅರ್ಧ ದಿನದಲ್ಲಿ ಒಗ್ಗುತ್ತದೆ. ಗಣಕ ಎದ್ದು ಕುಳಿತಾಗ ಇದು ತಿನ್ನುವ ಸ್ಮೃತಿ ಸಾಮಾನ್ಯವಾಗಿ ಒಂದು ಗಿಗಾಬೈಟಿಗಿಂತ ಕಡಿಮೆ. ನಾಲ್ಕು ಗಿಗಾಬೈಟಿನ ಯಂತ್ರವಿದ್ದರೆ ಮಿಕ್ಕದ್ದು ನಿಮ್ಮ ಕೆಲಸಕ್ಕೆ ಉಳಿಯುತ್ತದೆ. ಎರಡೇ ಗಿಗಾಬೈಟಿದ್ದರೆ ಎಲ್‌ಎಕ್ಸ್‌ಕ್ಯೂಟಿ ಎಂಬ ಇನ್ನೂ ಮಿತವ್ಯಯದ ರೂಪವನ್ನು ನೋಡಬಹುದು.

ಆದರೆ ಹಗುರ ಎಂಬ ಮಾತಿನಲ್ಲಿ ಒಂದು ಮೋಸವಿದೆ. ಇಂದಿನ ಗಣಕದಲ್ಲಿ ನಿಜವಾದ ಭಾರ ಹೊರಿಸುವುದು ಬ್ರೌಸರ್. ಒಂದೇ ಪತ್ರಿಕೆಯ ಪುಟ ತೆರೆದರೂ ನೂರಾರು ಮೆಗಾಬೈಟು ನುಂಗಬಲ್ಲದು. ಹತ್ತು ಪುಟ ತೆರೆದಿಟ್ಟರೆ ಯಾವ ವ್ಯವಸ್ಥೆಯ ಮಿತವ್ಯಯವೂ ಉಪಯೋಗಕ್ಕೆ ಬರುವುದಿಲ್ಲ. ತೆರೆದ ಪುಟಗಳನ್ನು ಮುಚ್ಚುವ ಅಭ್ಯಾಸ, ಜಾಹೀರಾತು ತಡೆಯುವ ಒಂದು ಸಣ್ಣ ಸೇರ್ಪಡೆ, ಇವೆರಡು ಡೆಸ್ಕ್‌ಟಾಪಿನ ಆಯ್ಕೆಗಿಂತ ಹೆಚ್ಚು ಉಪಕಾರಿ. ಇನ್ನೊಂದು, ತಿರುಗುವ ತಟ್ಟೆಯ ಹಳೆಯ ಹಾರ್ಡ್ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಹಾಕಿಸುವುದು. ಹೊಸ ಗಣಕದ ಬೆಲೆಯ ಒಂದು ಸಣ್ಣ ಅಂಶದಲ್ಲಿ ಆಗುವ ಕೆಲಸ ಇದು. ನಿಮಿಷಗಟ್ಟಲೆ ಗೊಣಗಿ ಏಳುತ್ತಿದ್ದ ಯಂತ್ರ ಕೆಲವೇ ಕ್ಷಣಗಳಲ್ಲಿ ಎದ್ದು ನಿಲ್ಲುತ್ತದೆ. ಖರ್ಚು ಮಾಡುವ ಮನಸ್ಸಿದ್ದರೆ ಮೊದಲು ಇದಕ್ಕೆ ಮಾಡಿ.

ತೀರ ಹಳೆಯ, ೩೨ ಬಿಟ್ಟಿನ ಯಂತ್ರಗಳಿಗೆ ಡೆಬಿಯನ್ ೧೩ನ್ನು ಹೊಸದಾಗಿ ಸ್ಥಾಪಿಸಲು ಬರುವುದಿಲ್ಲ. ಸ್ಥಿರತೆಯ ವ್ರತಕ್ಕೂ ಒಂದು ಮೇರೆಯಿದೆ. ಅಂಥವುಗಳಿಗೆ ಗ್ರೀಸಿನಿಂದ ಬರುವ ಆಂಟಿಎಕ್ಸ್ ಎಂಬ, ಡೆಬಿಯನ್ ಮೂಲದ ಅತಿ ಹಗುರ ವಿತರಣೆಯಿದೆ. ಅದರ ನಿರ್ಮಾಪಕ ತನ್ನನ್ನು ‘ಆಂಟಿಕ್ಯಾಪಿಟಲಿಸ್ಟಾ’ ಎಂದೇ ಕರೆದುಕೊಳ್ಳುತ್ತಾನೆ; ತನ್ನ ವಿತರಣೆ ಫ್ಯಾಸಿಸ್ಟ್ ವಿರೋಧಿ ಎಂದು ಮುಖಪುಟದಲ್ಲಿಯೇ ಸಾರುತ್ತಾನೆ. ನಮ್ಮ ತ್ರೈಮಾಸಿಕದ ಎಡಪಂಥೀಯ ಓದುಗರಿಗೆ ಇದು ಪ್ರಿಯವಾದೀತು. ಆದರೂ ೩೨ ಬಿಟ್ಟಿನ ಯಂತ್ರವನ್ನು ಮನೆಯ ಏಕೈಕ ಗಣಕವಾಗಿ ಇಟ್ಟುಕೊಳ್ಳಬೇಡಿ ಎಂದೇ ನನ್ನ ಸಲಹೆ.

ಕನ್ನಡದ ಸಂಗತಿಗೆ ಬರುತ್ತೇನೆ. ಲಿನಕ್ಸಿನಲ್ಲಿ ಕನ್ನಡ ಒಡೆಯುತ್ತದೆ, ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ ಎಂಬ ಮಾತು ಒಂದು ಕಾಲಕ್ಕೆ ನಿಜವಾಗಿತ್ತು. ಅಕ್ಷರಗಳನ್ನು ಜೋಡಿಸುವ ಕೆಲಸವನ್ನು ಈಗ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಮಾಡುತ್ತದೆ. ಹೆಸರು ಪಾರಸಿಯದು, ‘ಹರ್ಫ್’ ಎಂದರೆ ಅಕ್ಷರ. ಬೀದರ, ಕಲಬುರ್ಗಿ ಕಡೆಯವರಿಗೆ ಈ ಮಾತು ಅಪರಿಚಿತವಲ್ಲ. ಆಂಡ್ರಾಯ್ಡ್ ದೂರವಾಣಿಯಲ್ಲಿ, ಕ್ರೋಮಿನಲ್ಲಿ, ಫೈರ್‌ಫಾಕ್ಸಿನಲ್ಲಿ, ಲಿಬ್ರೆ ಆಫೀಸಿನಲ್ಲಿ ಕನ್ನಡವನ್ನು ಜೋಡಿಸಿ ತೋರಿಸುವುದೂ ಇದೇ. ಎಂದರೆ, ಮುಕ್ತ ತಂತ್ರಾಂಶ ನಮಗೆ ಬೇಡ ಎನ್ನುವ ಕನ್ನಡಿಗನೂ ದಿನವೂ ಅದರ ಮೂಲಕವೇ ಕನ್ನಡ ಓದುತ್ತಿದ್ದಾನೆ. ಅಕ್ಷರರೂಪಗಳೂ ಇವೆ: ಲೋಹಿತ್, ಗುಬ್ಬಿ, ನವಿಲು, ನೋಟೋ. ಡೆಬಿಯನ್ನಿನ ಭಂಡಾರದಿಂದ ಇವನ್ನು ಸೇರಿಸಿಕೊಳ್ಳಲು ಒಂದೆರಡು ನಿಮಿಷ ಸಾಕು.

ಕೀಲಿಮಣೆಯ ಸಂಗತಿ ಇನ್ನೂ ಹಿತವಾದದ್ದು. ಎಕ್ಸ್‌ಎಫ್‌ಸಿಇಯ ಕೀಲಿಮಣೆ ವಿನ್ಯಾಸಗಳ ಪಟ್ಟಿಯಲ್ಲಿ ಕನ್ನಡದ ಕೆಳಗೆ ‘ಕಗಪ’ ಎಂಬ ಹೆಸರು ಕಾಣುತ್ತದೆ: ಕನ್ನಡ ಗಣಕ ಪರಿಷತ್ತು. ಕೆ. ಪಿ. ರಾವ್ ಅವರ ವಿನ್ಯಾಸದ ಜಾಡಿನಲ್ಲಿ ಬಂದು ನುಡಿ ತಂತ್ರಾಂಶದಿಂದ ನಮ್ಮ ಬೆರಳುಗಳಿಗೆ ಅಭ್ಯಾಸವಾದ ವಿನ್ಯಾಸ ಅದು. ಬೇರೆ ಯಾವ ತಂತ್ರಾಂಶವನ್ನೂ ಹಾಕದೆ, ವ್ಯವಸ್ಥೆಯ ಒಡಲಿನಲ್ಲಿಯೇ ಸಿಗುತ್ತದೆ. ಅಷ್ಟೇ ಅಲ್ಲ, ಅದೇ ಪಟ್ಟಿಯಲ್ಲಿ ಮರಾಠಿಯ ಕೆಳಗೆ, ತೆಲುಗಿನ ಕೆಳಗೆ, ಹಿಂದಿ ಸಂಸ್ಕೃತಗಳ ಕೆಳಗೆ ಕೂಡ ‘ಕಗಪ’ ವಿನ್ಯಾಸವೊಂದು ಅದೇ ಹೆಸರಿನಲ್ಲಿ ಇದೆ. ಪುಣೆಯ ಮರಾಠಿ ತರುಣನೊಬ್ಬ ಮರಾಠಿ ಬರೆಯಲು ಕನ್ನಡ ಗಣಕ ಪರಿಷತ್ತಿನ ಹೆಸರನ್ನು ಆರಿಸುವ ಸಾಧ್ಯತೆಯನ್ನು ನೆನೆದರೆ, ಗಡಿಯ ಎರಡೂ ಬದಿಯ ಹೋರಾಟಗಾರರು ಏನೆಂದಾರೋ ತಿಳಿಯದು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕನ್ನಡ ಪಡೆಯುವ ಅಭ್ಯಾಸದವರಿಗೆ ಐಬಸ್ ಎಂಬ ಸಾಧನದಲ್ಲಿ ಬೇರೆ ವಿನ್ಯಾಸಗಳಿವೆ.

ಪರದೆಯ ಆದೇಶಗಳೆಲ್ಲ ಕನ್ನಡದಲ್ಲಿ ಬರುತ್ತವೆಯೆ ಎಂದು ಕೇಳಿದರೆ, ಪೂರ್ತಿ ಬರುವುದಿಲ್ಲ ಎಂದೇ ಹೇಳಬೇಕು. ಸ್ಥಾಪಿಸುವಾಗ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿದೆ. ಒಳಹೊಕ್ಕಮೇಲೆ ಒಂದು ಸಾಲು ಕನ್ನಡ, ಒಂದು ಸಾಲು ಇಂಗ್ಲಿಷ್ ಆಗುತ್ತದೆ. ಹಿಂದೆ ಉತ್ಸಾಹಿಗಳು ಮಾಡಿದ ಅನುವಾದ ಮುಂದುವರಿಯದೆ ನಿಂತದ್ದು ಇದಕ್ಕೆ ಕಾರಣ. ಇದನ್ನು ಪೂರೈಸಲು ಯಾವ ಸಂಸ್ಥೆಯ ಅಪ್ಪಣೆಯೂ ಬೇಡ. ಕನ್ನಡ ಬಲ್ಲ ನಿವೃತ್ತ ಅಧ್ಯಾಪಕರೊಬ್ಬರು ದಿನಕ್ಕೆ ಇಪ್ಪತ್ತು ಸಾಲು ಮಾಡಿದರೂ ವರ್ಷದಲ್ಲಿ ಏಳು ಸಾವಿರ ಸಾಲಾಗುತ್ತದೆ.

ಹೆಚ್ಚು ಕಳವಳದ ವಿಷಯ ನಮ್ಮ ಹಳೆಯ ಕಡತಗಳದು. ಯುನಿಕೋಡಿನಲ್ಲಿ ಕನ್ನಡಕ್ಕೆ ೧೯೯೧ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನವಿತ್ತು. ಆದರೆ ಮುದ್ರಣದ ಕೆಲಸದಲ್ಲಿ ಅನಂತರವೂ ಬಹುಕಾಲ ನಾವು ಬಳಸಿದ್ದು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ತುಣುಕುಗಳನ್ನು ಅಂಟಿಸಿದ ಫಾಂಟುಗಳನ್ನು. ಹೊರನಾಡಿನ ಎಷ್ಟೋ ಪತ್ರಿಕೆಗಳ, ಸ್ಮರಣ ಸಂಚಿಕೆಗಳ ಮೂಲಪ್ರತಿಗಳು ಅಂಥವು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳು. ಯಾವ ವ್ಯವಸ್ಥೆಗೆ ಹೋದರೂ ಇವನ್ನು ಯುನಿಕೋಡಿಗೆ ತರಲೇಬೇಕು. ಸ್ವಯಂಸೇವಕರು ಬರೆದ ಮುಕ್ತ ಪರಿವರ್ತಕಗಳಿವೆ, ಆದರೆ ಕಣ್ಣುಮುಚ್ಚಿ ನಂಬುವಂತಿಲ್ಲ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ಅನಂತರ ಕೂತಿರುತ್ತದೆ. ಯುನಿಕೋಡಿನಲ್ಲಿ ಉಚ್ಚಾರಕ್ಕೆ ತಕ್ಕಂತೆ ರಕಾರ ಮೊದಲು ಬರಬೇಕು. ಆದ್ದರಿಂದ ‘ಸೂರ್ಯ’, ‘ಕಾರ್ಯ’ದಂಥ ಮಾತುಗಳಲ್ಲಿ ಪರಿವರ್ತಕ ಎಡವುವುದುಂಟು. ಒಬ್ಬರು ಕೂತು ಮೂಲದೊಡನೆ ಹೋಲಿಸಿ ಓದಬೇಕು. ವಿಂಡೋಸ್ ೧೦ರ ಯಂತ್ರ ಇನ್ನೂ ನಡೆಯುತ್ತಿರುವಾಗಲೇ ಈ ಕೆಲಸ ಆದರೆ ಒಳ್ಳೆಯದು, ಏಕೆಂದರೆ ಮೂಲವನ್ನು ಸರಿಯಾಗಿ ತೋರಿಸುವ ಫಾಂಟುಗಳು ಅದರಲ್ಲಿವೆ.

ಅಡ್ಡಿಗಳನ್ನು ಮುಚ್ಚಿಡುವುದು ಸರಿಯಲ್ಲ. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ವ್ಯಾಪಾರಿಗಳು, ಡಿಜಿಟಲ್ ಸಹಿಯ ಟೋಕನ್ ಬಳಸಿ ತೆರಿಗೆಯ ದಾಖಲೆ ಸಲ್ಲಿಸುವವರು ಆ ಕೆಲಸಕ್ಕೆ ಬೆಂಬಲವಿರುವ ವಿಂಡೋಸ್ ಯಂತ್ರವೊಂದನ್ನು ಇಟ್ಟುಕೊಳ್ಳುವುದೇ ಮೇಲು. ಮಕ್ಕಳ ಮನೆಯಿಂದ ಬರೆಯುವ ಕೆಲವು ಪರೀಕ್ಷೆಗಳ ಕಾವಲು ತಂತ್ರಾಂಶವೂ ಇಲ್ಲಿ ನಡೆಯುವುದಿಲ್ಲ. ಹಲವು ಮುದ್ರಕಗಳು ಜೋಡಿಸಿದೊಡನೆ ಕೆಲಸ ಮಾಡುತ್ತವೆ, ಆದರೆ ನಮ್ಮ ಮನೆಗಳಲ್ಲಿ ಹರಡಿರುವ ಕೆಲವು ಅಗ್ಗದ ಲೇಸರ್ ಮುದ್ರಕಗಳು ಬಹಳ ಕಾಡುತ್ತವೆ. ಆದ್ದರಿಂದ ಮೊದಲು ಪರೀಕ್ಷಿಸಿ. ಡೆಬಿಯನ್ನಿನ ‘ಲೈವ್’ ಪ್ರತಿಯನ್ನು ಎಂಟು ಗಿಗಾಬೈಟಿನ ಪೆನ್ ಡ್ರೈವಿಗೆ ಬರೆದು ಅದರಿಂದಲೇ ಗಣಕವನ್ನು ಎಬ್ಬಿಸಬಹುದು. ಒಳಗಿನ ಡಿಸ್ಕಿನಲ್ಲಿ ಏನೂ ಬದಲಾಗುವುದಿಲ್ಲ. ವೈಫೈ ಸಿಕ್ಕಿತೆ, ಧ್ವನಿ ಬಂತೆ, ಮುದ್ರಕ ಕಂಡಿತೆ, ಕ್ಯಾಮೆರಾದಲ್ಲಿ ಮೊಮ್ಮಗಳ ಜತೆ ಮಾತನಾಡಲು ಬಂತೆ ಎಂದು ಒಂದು ವಾರ ನೋಡಿ. ಅನಂತರವೇ ಸ್ಥಾಪನೆ. ಅದಕ್ಕೆ ಮುನ್ನ ಭಾವಚಿತ್ರಗಳನ್ನೂ ಬರೆಹಗಳನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆ ನಕಲನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಿ. ಸ್ಥಾಪನೆಯ ನಡುವೆ ಡಿಸ್ಕಿನ ಹಂಚಿಕೆಯ ಪ್ರಶ್ನೆ ಬಂದಾಗ ಉತ್ತರ ತಿಳಿಯದಿದ್ದರೆ ಅಲ್ಲಿಗೇ ನಿಲ್ಲಿಸಿ, ಬಲ್ಲವರನ್ನು ಕೇಳಿ. ಅದೊಂದೇ ಹಿಂದಿರುಗಲಾಗದ ಹೆಜ್ಜೆ.

ಸಂಘದ ಗ್ರಂಥಾಲಯದ ಗಣಕದಲ್ಲಿ ಎಕ್ಸ್‌ಎಫ್‌ಸಿಇಯೊಡನೆ ಡೆಬಿಯನ್ ಇದೆ. ಕಗಪ ಕೀಲಿಮಣೆಯನ್ನೂ ಅಳವಡಿಸಿದೆ. ಕುಳಿತು ನೋಡಬಯಸುವವರು ಗ್ರಂಥಾಲಯ ತೆರೆದಿರುವಾಗ ಬರಬಹುದು. ಖಾಲಿ ಪೆನ್ ಡ್ರೈವ್ ತಂದವರಿಗೆ ಲೈವ್ ಪ್ರತಿಯನ್ನು ಬರೆದು ಕೊಡುತ್ತೇವೆ. ಹಳೆಯ ಸ್ಮರಣ ಸಂಚಿಕೆಗಳ ಕಡತ ಇರುವವರು ಅವನ್ನು ತರುವಾಗ ಯಾವ ಫಾಂಟಿನಲ್ಲಿ ಬೆರಳಚ್ಚಾದದ್ದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ತರಬೇಕು. ಮುದ್ರಿತ ಪ್ರತಿಯೂ ಇದ್ದರೆ ಹೋಲಿಸಿ ಓದಲು ಅನುಕೂಲ.